ವಯಸ್ಸಾದ ನಾಯಿಗೆ ಗಂಟುನೋವು: ಗೂಡಲ್ಲೇ ಇಡುವುದಾ, ನಡೆಸುವುದಾ?

ಅಡಿಕೆತೋಟ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್ರಡಾರ್ ರಾಜುವಿಗೆ ಹನ್ನೊಂದು ವರ್ಷ ದಾಟಿತು. ಮಳೆಗಾಲ ಶುರುವಾದಲ್ಲಿಂದ ಹಿಂಗಾಲು ಎಳೆದುಕೊಂಡು ನಡೆಯುತ್ತಾನೆ. ಬೆಳಿಗ್ಗೆ ಏಳುವಾಗ ಮುಂಗಾಲು ಊರಿ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತಾನೆ, ಆಮೇಲೆ ಸೊಂಟ ಎತ್ತುತ್ತಾನೆ. ಜಗಲಿ ಮೆಟ್ಟಿಲ ಹತ್ತಿರ ಬಂದು ನಿಂತುಬಿಡುತ್ತಾನೆ. ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತೆಗೆಸಿದೆವು. ಎರಡೂ ಕಡೆ ಸೊಂಟದ ಕೀಲು ಸವೆದಿದೆ, ಆರ್ಥ್ರೈಟಿಸ್ ಅಂದರು. ಮಾತ್ರೆ ಕೊಟ್ಟಿದ್ದಾರೆ, ಕೊಡುತ್ತಿದ್ದೇವೆ.

ನನ್ನ ಪ್ರಶ್ನೆ ಮಾತ್ರೆಯದ್ದಲ್ಲ. ಅಪ್ಪ ಹೇಳುವುದು, ಪ್ರಾಯ ಆಯಿತು, ಗೂಡಲ್ಲೇ ಇರಲಿ, ನಡೆಸಿ ಹಿಂಸೆ ಕೊಡಬೇಡ ಅಂತ. ಆದರೆ ನಾನು ತೋಟಕ್ಕೆ ಹೊರಟರೆ ಅವನು ಏಳಲು ನೋಡುತ್ತಾನೆ. ಅದನ್ನು ನೋಡಿಕೊಂಡು ಗೂಡಿನ ಬಾಗಿಲು ಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಹಳೆ ನಾಯಿ ಸಾಕಿದವರು ಹೇಳಿ, ಏನು ಮಾಡುವುದು?

ಪಯಸ್ವಿನಿ, ಮುಳ್ಳೇರಿಯ

ಗೂಡಿಗೆ ಹಾಕಬೇಡಿ ಅಣ್ಣ, ದಯವಿಟ್ಟು. ನಮ್ಮಲ್ಲಿ ಜರ್ಮನ್ ಶೆಫರ್ಡ್ ಇದ್ದಾಳೆ, ಅವಳಿಗೂ ಸೊಂಟದ್ದೇ ತೊಂದರೆ. ಕಟ್ಟಿ ಹಾಕಿದ ದಿನ ಸಂಜೆಗೆ ಅವಳ ಕಾಲು ಇನ್ನೂ ಜಾಸ್ತಿ ಬಿಗಿದಿರುತ್ತದೆ, ನಡೆದಾಡಿದ ದಿನ ಅಷ್ಟಿಲ್ಲ. ಬಸ್ಸಿನ ಸೀಟಲ್ಲಿ ಮುದುಡಿ ಕೂತು ಮಂಗಳೂರಲ್ಲಿ ಇಳಿಯುವಾಗ ನಮ್ಮ ಮಂಡಿ ಹಿಡಿದುಕೊಳ್ಳುತ್ತದಲ್ವಾ, ಅದೇ ಥರ.

ನಡೆಸುವುದು ಅಂದರೆ ಮೊದಲಿನ ಹಾಗೆ ಗುಡ್ಡೆ ಹತ್ತಿಸುವುದು ಅಲ್ಲ. ಎಂಟು ಹತ್ತು ನಿಮಿಷ ಸಾಕು, ಆದರೆ ದಿನಕ್ಕೆ ಮೂರು ನಾಲ್ಕು ಸಲ. ಕುತ್ತಿಗೆಗೆ ಬೇಡ, ಎದೆಗೆ ಹಾಕುವ ಬೆಲ್ಟ್ ಹಾಕಿ, ಹಗ್ಗ ಸಡಿಲ ಬಿಟ್ಟು, ಅವನ ಕಾಲಿಗೆ ಎಷ್ಟು ವೇಗ ಬೇಕೋ ಅಷ್ಟೇ. ಡಾಮಾರು ರಸ್ತೆಗಿಂತ ತೋಟದ ಮಣ್ಣು ಒಳ್ಳೆಯದು. ಮೂಸಲು ಬಿಡಿ. ಒಂದು ತೆಂಗಿನ ಬುಡದಲ್ಲಿ ಐದು ನಿಮಿಷ ಮೂಸಿದರೂ ಎಳೆಯಬೇಡಿ, ಹಳೆ ನಾಯಿಗೆ ಅದೇ ಪೇಪರ್, ಅದೇ ಟಿವಿ. ಅಷ್ಟರಲ್ಲಿ ಅವನು ನಾಲ್ಕು ಹೆಜ್ಜೆ ಆಚೆ ಈಚೆ ಹಾಕಿರುತ್ತಾನೆ, ಸೊಂಟ ತಿರುಗಿಸಿರುತ್ತಾನೆ, ಅದೂ ವ್ಯಾಯಾಮವೇ.

ಚೆಂಡು ಎಸೆದು ತರಿಸುವುದು ಮಾತ್ರ ಪೂರ್ತಿ ನಿಲ್ಲಿಸಿ. ಓಡಿ ಹೋಗಿ ಥಟ್ಟಂತ ನಿಂತು ತಿರುಗುವಾಗ ಕೀಲಿನ ಮೇಲೆ ಬೀಳುವ ಭಾರ ಸಣ್ಣದಲ್ಲ.

ಹಟ್ಟಿಮನೆ, ಪೆರ್ಲ

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. ನಮ್ಮ ನಾಯಿಯನ್ನು ಭಾನುವಾರ ಮಕ್ಕಳು ಗುಡ್ಡೆ ಕಡೆ ಕರೆದುಕೊಂಡು ಹೋದರು. ಹೋಗುವಾಗ ಖುಷಿಯಲ್ಲೇ ಹೋಯಿತು. ಮಾರನೇ ದಿನ ಏಳಲೇ ಇಲ್ಲ, ಉಚ್ಚೆಗೂ ಎತ್ತಿಕೊಂಡೇ ಹೋಗಬೇಕಾಯಿತು. ನೋವಿರುವ ಪ್ರಾಣಿಗೆ ವಿಶ್ರಾಂತಿ ಕೊಡಬೇಕು ಅನ್ನುವುದು ಹಿರಿಯರ ಮಾತು, ಅದರಲ್ಲಿ ಅರ್ಥ ಇಲ್ಲದಿಲ್ಲ.

ನಿವೃತ್ತ ಪಶುವೈದ್ಯ, ಕುಂಬಳೆ

ಇಬ್ಬರೂ ಹೇಳಿದ್ದು ಒಂದೇ ಸಂಗತಿಯ ಎರಡು ಬದಿ. ವಾರವಿಡೀ ಕಟ್ಟಿ ಹಾಕಿ ಭಾನುವಾರ ಒಮ್ಮೆಲೇ ನಡೆಸಿದರೆ ಯಾವ ಹಳೆ ನಾಯಿಯೂ ಸೋಮವಾರ ಏಳುವುದಿಲ್ಲ. ಪೆಟ್ಟು ಕೊಟ್ಟದ್ದು ನಡಿಗೆ ಅಲ್ಲ, ಅದರ ಅಳತೆ.

ಕಾರಣ ಹೇಳುತ್ತೇನೆ. ಕೀಲಿನ ಒಳಗೆ ಎಲುಬಿನ ತುದಿಗೆ ನುಣುಪಾದ ಮೃದ್ವಸ್ಥಿಯ ಪದರ ಇದೆ. ಅದಕ್ಕೆ ರಕ್ತನಾಳ ಇಲ್ಲ. ಕೀಲಿನ ದ್ರವದಿಂದಲೇ ಅದಕ್ಕೆ ಆಹಾರ, ಕೀಲು ಅಲ್ಲಾಡಿದರೆ ಮಾತ್ರ ಆ ದ್ರವ ಸರಿಯಾಗಿ ಒಳಗೆ ಹೋಗಿ ಬರುತ್ತದೆ. ಇನ್ನೊಂದು, ಸವೆದ ಕೀಲನ್ನು ಹಿಡಿದು ನಿಲ್ಲಿಸುವುದು ಸುತ್ತಲಿನ ಮಾಂಸಖಂಡ. ನೋವಿದೆ ಅಂತ ನಾಯಿ ಕಾಲು ಊರುವುದಿಲ್ಲ, ಊರದ ಕಾಲಿನ ಮಾಂಸ ಇಳಿಯುತ್ತದೆ, ಮಾಂಸ ಇಳಿದರೆ ಕೀಲು ಇನ್ನಷ್ಟು ಸಡಿಲ, ನೋವು ಇನ್ನೂ ಜಾಸ್ತಿ. ರಾಜುವಿನ ಎರಡೂ ತೊಡೆ ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ತೆಳ್ಳಗಿದ್ದರೆ ಆ ಕಾಲನ್ನು ಅವನು ಬಹಳ ದಿನದಿಂದ ಉಳಿಸಿಕೊಂಡು ನಡೆಯುತ್ತಿದ್ದಾನೆ ಅಂತ ಲೆಕ್ಕ.

ಹಾಗಾಗಿ ನಡಿಗೆ ಬೇಕು, ಆದರೆ ದಿನಾ ಒಂದೇ ಅಳತೆಯಲ್ಲಿ ಬೇಕು. ಅಳತೆ ಸರಿಯಾಯಿತೋ ಇಲ್ಲವೋ ಎಂದು ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ಎಂದಿಗಿಂತ ಬಿಗಿದಿದ್ದರೆ ನಡಿಗೆಯನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಒಂದು ವಾರ ಸರಿ ಹೋದರೆ ಒಂದೆರಡು ನಿಮಿಷ ಸೇರಿಸಿ. ನೋವು ಏಕಾಏಕಿ ಕೆರಳಿದ ದಿನ, ಕಾಲು ಊರಲೇ ಆಗದಿದ್ದಾಗ, ವಿಶ್ರಾಂತಿ ಬೇಕು. ಪೆರ್ಲದವರ ಮಾತು ಅಲ್ಲಿ ಸರಿ. ಆದರೆ ಅದು ಎರಡು ಮೂರು ದಿನದ್ದು. ಉಳಿದ ಆಯುಷ್ಯಕ್ಕೆಲ್ಲ ಅದನ್ನೇ ಮಾಡಲಾಗದು.

ಮತ್ತೆ ಅಪ್ಪನವರಿಗೆ ಒಂದು ಮಾತು ಹೇಳಿ. ಪ್ರಾಯ ಬೇರೆ, ನೋವು ಬೇರೆ. ಪ್ರಾಯಕ್ಕೆ ಮದ್ದಿಲ್ಲ, ನೋವಿಗೆ ಇದೆ. ನಾಯಿ ಕೂಗುವುದಿಲ್ಲ ಅಂದರೆ ನೋವಿಲ್ಲ ಅಂತ ಅಲ್ಲ. ಗಂಟುನೋವಿಗೆ ಕುಂಯ್ ಅನ್ನುವ ನಾಯಿ ಕಡಿಮೆ. ಅದು ಮಲಗುವುದು ಜಾಸ್ತಿ ಮಾಡುತ್ತದೆ, ಒಂದೇ ಜಾಗ ನೆಕ್ಕುತ್ತದೆ, ಸೊಂಟ ಮುಟ್ಟಿದರೆ ಗುರ್ ಅನ್ನುತ್ತದೆ.

ಅಡಿಕೆತೋಟ, ಬದಿಯಡ್ಕ

ತುಂಬಾ ಉಪಕಾರ ಡಾಕ್ಟ್ರೇ. ಎಡಗಾಲಿನ ತೊಡೆ ತೆಳ್ಳಗಿದೆ, ಈಗ ಹಿಡಿದು ನೋಡಿದೆ. ಇಲ್ಲಿಯವರೆಗೆ ಯಾರೂ ಇದನ್ನು ಹೇಳಿರಲಿಲ್ಲ. ಇನ್ನೊಂದು ವಿಷಯ, ಹೊಸ ಮನೆಯಲ್ಲಿ ನೆಲಕ್ಕೆಲ್ಲ ಗ್ರಾನೈಟ್. ಅದರ ಮೇಲೆ ಅವನ ಹಿಂಗಾಲು ಎರಡು ಬದಿಗೆ ಜಾರಿ ಹೋಗುತ್ತದೆ. ಅದಕ್ಕೇ ಹೊರಗೆ ಗೂಡಲ್ಲಿ ಇಟ್ಟದ್ದು.

ಪಯಸ್ವಿನಿ, ಮುಳ್ಳೇರಿಯ

ಅದಕ್ಕೆ ಸುಲಭದ ದಾರಿ ಇದೆ. ಹಟ್ಟಿಯಲ್ಲಿ ದನಗಳಿಗೆ ಹಾಸುವ ರಬ್ಬರ್ ಮ್ಯಾಟ್ ಗೊತ್ತಲ್ವಾ? ದಪ್ಪದ್ದು, ಮೇಲೆ ಗೀರು ಗೀರು ಇರುವುದು. ಒಂದು ತಂದು ಉದ್ದಕ್ಕೆ ಪಟ್ಟಿ ಕತ್ತರಿಸಿ, ಅವನು ಮಲಗುವಲ್ಲಿಂದ ಊಟದ ತಟ್ಟೆಯವರೆಗೆ, ತಟ್ಟೆಯಿಂದ ಬಾಗಿಲವರೆಗೆ ದಾರಿ ಮಾಡಿ ಹಾಕಿ. ಮನೆಯೆಲ್ಲ ಹಾಸಬೇಕಾಗಿಲ್ಲ. ನಾಯಿಗಳು ಎರಡೇ ದಿನಕ್ಕೆ ಆ ದಾರಿ ಹಿಡಿಯುತ್ತವೆ. ತೆಂಗಿನ ನಾರಿನ ಮ್ಯಾಟೂ ಆಗುತ್ತದೆ, ಆದರೆ ಗ್ರಾನೈಟ್ ಮೇಲೆ ಅದೇ ಜಾರದಂತೆ ಅಡಿಗೆ ಏನಾದರೂ ಬೇಕು, ಮಳೆಗಾಲದಲ್ಲಿ ಒಣಗುವುದೂ ಇಲ್ಲ.

ಪಾದದ ಅಡಿಯಲ್ಲಿ ಬೆರಳ ನಡುವೆ ಕೂದಲು ಬೆಳೆದಿದ್ದರೆ ಕತ್ತರಿಸಿ. ಪಾದದ ಮೆತ್ತನೆಯ ಗದ್ದಿಗೆ ನೆಲಕ್ಕೆ ತಾಗದಿದ್ದರೆ ಎಷ್ಟು ಮ್ಯಾಟ್ ಹಾಕಿದರೂ ಜಾರುತ್ತದೆ. ಉಗುರೂ ನೋಡಿ. ನಡೆಯುವಾಗ ಟಕ್ ಟಕ್ ಕೇಳಿದರೆ ಉದ್ದ ಆಗಿದೆ ಅಂತ. ಉದ್ದ ಉಗುರಿಗೆ ಬೆರಳು ಮೇಲಕ್ಕೆ ಎತ್ತಿಕೊಳ್ಳುತ್ತದೆ, ಅದರಿಂದ ಇಡೀ ಕಾಲಿನ ನಿಲುವೇ ಬದಲಾಗುತ್ತದೆ. ಮೊದಲು ಗುಡ್ಡೆ, ಮುರಕಲ್ಲು ಸುತ್ತುವಾಗ ತನ್ನಷ್ಟಕ್ಕೆ ಸವೆಯುತ್ತಿತ್ತು, ಈಗ ಸವೆಯುವುದಿಲ್ಲ, ನಾವೇ ಕತ್ತರಿಸಬೇಕು.

ಜಗಲಿ ಮೆಟ್ಟಿಲಿಗೆ ಅಡಿಕೆ ಮರ ಸೀಳಿದ ಸಲಾಕೆ ಜೋಡಿಸಿ ಇಳಿಜಾರು ಮಾಡಿ, ಮೇಲೆ ಗೋಣಿ ಬಿಗಿದು ಮೊಳೆ ಹೊಡೆಯಿರಿ, ಮೊಳೆಯ ತಲೆ ಮೇಲೆ ನಿಲ್ಲದ ಹಾಗೆ. ಎಷ್ಟು ಉದ್ದ ಮಾಡಿದರೆ ಅಷ್ಟು ಒಳ್ಳೆಯದು, ಗಿಡ್ಡ ಮಾಡಿದರೆ ಕಡಿದಾಗುತ್ತದೆ, ಅವನು ಹತ್ತುವುದಿಲ್ಲ. ಅಲ್ಲಿಯವರೆಗೆ ಒಂದು ಬೈರಾಸನ್ನು (ಟವೆಲ್) ಹೊಟ್ಟೆಯ ಅಡಿಯಲ್ಲಿ, ತೊಡೆಗೆ ತಾಗಿದ ಹಾಗೆ ಹಾಕಿ ಎರಡೂ ತುದಿ ಹಿಡಿದು ಹಗುರಕ್ಕೆ ಎತ್ತಿ ಕೊಡಿ. ಪೂರ್ತಿ ಎತ್ತಬೇಡಿ. ಸ್ವಲ್ಪ ಭಾರ ಅವನ ಕಾಲಿಗೂ ಇರಲಿ.

ಕಡಲಕರೆ, ಮಂಜೇಶ್ವರ

ತೂಕ ಎಷ್ಟು ರಾಜುವಿಗೆ? ಯಾರೂ ಕೇಳಲಿಲ್ಲ. ಲ್ಯಾಬ್ರಡಾರ್ ಅಂದರೆ ನಮ್ಮ ಕಡೆ ಮುಕ್ಕಾಲು ಪಾಲು ದಪ್ಪವೇ. ಮಧ್ಯಾಹ್ನದ ಅನ್ನ, ರಾತ್ರಿಯ ಗಂಜಿ, ಸಂಜೆ ಚಾ ಜೊತೆ ಬಿಸ್ಕೆಟ್, ಮೇಲಿಂದ ಅಜ್ಜಿ ಕೊಡುವ ದೋಸೆ.

ಅಡಿಕೆತೋಟ, ಬದಿಯಡ್ಕ

ಅಡಿಕೆ ತೂಗುವ ಮೆಷಿನ್ ಮೇಲೆ ನಿಲ್ಲಿಸಿದೆ. 41 ಕಿಲೋ.

ನಿವೃತ್ತ ಪಶುವೈದ್ಯ, ಕುಂಬಳೆ

ಹಾಗಾದರೆ ಮಾತ್ರೆಗಿಂತ ಮುಂಚೆ ಇದು. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 30ರಿಂದ 36 ಕಿಲೋ ಒಳಗೆ ಇರಬೇಕು. ಸಂಖ್ಯೆಗಿಂತ ಕೈ ನಂಬಿ. ಪಕ್ಕೆಲುಬಿನ ಮೇಲೆ ಬೆರಳು ಆಡಿಸಿದರೆ ಒತ್ತದೆಯೇ ಎಲುಬು ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಒಳಗೆ ಹೋಗಿರುವುದು ಕಾಣಬೇಕು.

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನ ಇದೆ, 2002ರಲ್ಲಿ ಪ್ರಕಟವಾಯಿತು. ಜೋಡಿ ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಹಾಕಿದರು. ಕಡಿಮೆ ತಿಂದ ಗುಂಪಿನ ನಡುವಿನ ಆಯುಷ್ಯ 13 ವರ್ಷ, ಇನ್ನೊಂದು ಗುಂಪಿನದ್ದು 11.2. ಗಂಟುನೋವಿಗೆ ಮದ್ದು ಬೇಕಾಗಿ ಬಂದದ್ದೂ ಕಡಿಮೆ ತಿಂದವಕ್ಕೆ ಬಹಳ ತಡವಾಗಿ. ಈಗಾಗಲೇ ಕುಂಟುವ ದಪ್ಪ ನಾಯಿಗೂ ತೂಕದ ಆರೇಳು ಶೇಕಡಾ ಇಳಿದರೆ ನಡಿಗೆಯಲ್ಲಿ ವ್ಯತ್ಯಾಸ ಕಾಣುತ್ತದೆ. ರಾಜುವಿಗೆ ಅದು ಮೂರು ಕಿಲೋಗಿಂತ ಕಡಿಮೆ.

ಉಪವಾಸ ಹಾಕಬೇಡಿ, ಮಾಂಸಖಂಡ ಇಳಿಯಬಾರದು. ಅನ್ನ ಕಡಿಮೆ ಮಾಡಿ, ಮೊಟ್ಟೆ, ಕೋಳಿ, ಮೀನು ಉಳಿಸಿಕೊಳ್ಳಿ, ಹೊಟ್ಟೆ ತುಂಬಲು ಬೇಯಿಸಿದ ಬೀನ್ಸ್, ಸಿಹಿಕುಂಬಳ, ಸೌತೆ ಹಾಕಿ. ಸಾಂಬಾರು ಹಾಕಿದ ಅನ್ನ ಬೇಡ, ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ತಿಂಗಳಿಗೆ ಎರಡು ಸಲ ಅದೇ ಮೆಷಿನ್ ಮೇಲೆ ನಿಲ್ಲಿಸಿ ಬರೆದಿಡಿ.

ಕಡಲಕರೆ, ಮಂಜೇಶ್ವರ

ಮೀನು ಅಂದಿರಲ್ಲ, ಬೂತಾಯಿ ಒಳ್ಳೆಯದಾ? ನಮ್ಮಲ್ಲಿ ಅದೇ ಸಿಗುವುದು.

ನಿವೃತ್ತ ಪಶುವೈದ್ಯ, ಕುಂಬಳೆ

ಬಹಳ ಒಳ್ಳೆಯದು. ಅದರ ಎಣ್ಣೆಯಲ್ಲಿ ಒಮೆಗಾ-3 ಇದೆ, ಕೀಲಿನ ಉರಿಯೂತ ಇಳಿಸುತ್ತದೆ. ಉಪ್ಪು ಮೆಣಸು ಹಾಕದೆ ಬೇಯಿಸಿ ಕೊಡಿ, ಕರಿಯಬೇಡಿ, ಒಣಮೀನು ಬೇಡವೇ ಬೇಡ. ಮೀನು ತರದ ಮನೆಯವರು ಫಿಶ್ ಆಯಿಲ್ ಕ್ಯಾಪ್ಸೂಲ್ ಕೊಡಬಹುದು, ಎಷ್ಟು ಅಂತ ತೂಕ ಹೇಳಿ ನಿಮ್ಮ ಡಾಕ್ಟರನ್ನು ಕೇಳಿ. ಕೀಲಿಗೆ ಅಂತ ಮಾರುವ ಗ್ಲುಕೋಸಮಿನ್ ಪುಡಿ, ಮಾತ್ರೆಗೆ ಜನ ತುಂಬಾ ದುಡ್ಡು ಹಾಕುತ್ತಾರೆ. ಅದಕ್ಕೆ ಆಧಾರ ದುರ್ಬಲ. ಕೈಯಲ್ಲಿ ಇರುವ ದುಡ್ಡು ಸ್ವಲ್ಪವೇ ಆದರೆ ಮೊದಲು ನೋವಿನ ಮದ್ದು, ರಕ್ತ ಪರೀಕ್ಷೆ, ಮ್ಯಾಟ್. ಅದು ಆಮೇಲೆ.

ಬೈಲುಮನೆ, ನೀರ್ಚಾಲು

ಕೊಟ್ಟಂಚುಕ್ಕಾದಿ ತೈಲ ಹಚ್ಚಿ ತಿಕ್ಕಿದರೆ ಹೇಗೆ? ಅಮ್ಮನ ಮಂಡಿಗೆ ಅದರಲ್ಲೇ ವಾಸಿ ಆದದ್ದು. ಇಲ್ಲದಿದ್ದರೆ ನೋವಿನ ಬಾಮ್?

ನಿವೃತ್ತ ಪಶುವೈದ್ಯ, ಕುಂಬಳೆ

ಬೇಡ. ನಾಯಿಗೆ ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆಗೇ ಹೋಗುವುದು, ನೆಕ್ಕುತ್ತದೆ. ಬಾಮಿನಲ್ಲಿರುವ ಕರ್ಪೂರ, ಮೀಥೈಲ್ ಸ್ಯಾಲಿಸಿಲೇಟ್ ನಾಯಿಗೆ ವಿಷ. ತಿಕ್ಕುವುದು ಒಳ್ಳೆಯದೇ, ಬರಿಗೈಯಲ್ಲಿ ತಿಕ್ಕಿ. ಮೊದಲು ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡಿ, ಹಿತ ಅನಿಸಿದರೆ ಹತ್ತು ನಿಮಿಷ ಸೊಂಟಕ್ಕೆ ಇಡಿ. ಆಮೇಲೆ ತೊಡೆಯ ಮಾಂಸವನ್ನು ಮೆಲ್ಲ ಹಿಸುಕಿ, ಕೀಲಿನ ಮೇಲೆ ಒತ್ತಬೇಡಿ. ಬೆಳಿಗ್ಗೆ ನಡಿಗೆಗೆ ಹೊರಡುವ ಮುಂಚೆ ಹೀಗೆ ಮಾಡಿದರೆ ಏಳಲು ಸುಲಭ ಆಗುತ್ತದೆ. ಕೀಲು ಊದಿ ಬಿಸಿಯಾಗಿದ್ದರೆ ಮಾತ್ರ ಶಾಖ ಕೊಡಬಾರದು.

ಇದಕ್ಕಿಂತ ದೊಡ್ಡ ವಿಷಯ ಈಗ ಹೇಳುತ್ತೇನೆ, ದಯವಿಟ್ಟು ಎಲ್ಲರೂ ಓದಿ. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಯಾವುದೂ ಬೇಡ. ಅರ್ಧ ಮಾತ್ರೆ ಅಲ್ವಾ ಅಂತ ಕೊಟ್ಟು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ವಾಂತಿ ಮಾಡುತ್ತಾ ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ಪ್ಯಾರಾಸಿಟಮಾಲ್ ಕೂಡ ನೀವಾಗಿ ಕೊಡಬಾರದು. ನಾಯಿಗೆ ಮೆಲಾಕ್ಸಿಕಾಂ, ಕಾರ್ಪ್ರೊಫೆನ್ ಥರದ್ದು ಇದೆ, ಅದನ್ನು ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಶುರು ಮಾಡುವ ಮುಂಚೆ ಕಿಡ್ನಿ, ಲಿವರ್ ಹೇಗಿದೆ ಅಂತ ರಕ್ತ ಪರೀಕ್ಷೆ, ಆಮೇಲೂ ಆಗಾಗ. ಊಟದ ಜೊತೆ ಕೊಡಿ. ವಾಂತಿ, ಕಪ್ಪು ಕಕ್ಕಸು, ಊಟ ಬಿಡುವುದು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಫೋನ್ ಮಾಡಿ. ತುರಿಕೆಗೋ ಮತ್ತೊಂದಕ್ಕೋ ಸ್ಟಿರಾಯ್ಡ್ ನಡೆಯುತ್ತಿದ್ದರೆ ಅದನ್ನು ಹೇಳಲು ಮರೆಯಬೇಡಿ, ಎರಡೂ ಒಟ್ಟಿಗೆ ಆಗಬಾರದು.

ಉಪ್ಪಳದಿಂದ

ನಮ್ಮ ನಾಯಿಗೆ ಆರೇ ವರ್ಷ. ಮೊನ್ನೆಯಿಂದ ಕುಂಟುತ್ತಿದೆ. ಒಂದು ದಿನ ಮುಂಗಾಲು, ಮರುದಿನ ಹಿಂಗಾಲು. ಊಟವೂ ಕಡಿಮೆ. ಇದೂ ಆರ್ಥ್ರೈಟಿಸ್ಸಾ?

ನಿವೃತ್ತ ಪಶುವೈದ್ಯ, ಕುಂಬಳೆ

ಇವತ್ತೇ ಕರೆದುಕೊಂಡು ಹೋಗಿ, ನಾಳೆಗೆ ಇಡಬೇಡಿ. ಕುಂಟು ಕಾಲಿನಿಂದ ಕಾಲಿಗೆ ಹೋಗುತ್ತದೆ, ಊಟ ಇಲ್ಲ ಅಂದರೆ ಉಣುಗಿನ ಜ್ವರ ಇರಬಹುದು. ಎರ್ಲಿಕಿಯಾ ಅಂತ ಒಂದು ರೋಗಾಣು, ಉಣುಗು ಕಚ್ಚಿ ಬರುತ್ತದೆ, ನಮ್ಮ ಕಡೆ ಬೇಕಾದಷ್ಟಿದೆ, ಅದು ಕೀಲನ್ನೂ ಊದಿಸುತ್ತದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ನೋಡಿ. ಒಸಡು ಬಿಳಿಚಿದೆಯಾ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಇದೆಯಾ ನೋಡಿ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ನೋಡುತ್ತಾರೆ. ಪ್ಲೇಟ್‌ಲೆಟ್ ಇಳಿದ ನಾಯಿಗೆ ನೋವಿನ ಮಾತ್ರೆ ಕೊಟ್ಟರೆ ರಕ್ತಸ್ರಾವ ಆಗಬಹುದು. ಕುಂಟುವ ನಾಯಿಗೆಲ್ಲ ಗಂಟುನೋವು ಅಂತ ಹೆಸರಿಡಬಾರದು ಅನ್ನುವುದು ಇದಕ್ಕೇ. ಡಾಕ್ಸಿಸೈಕ್ಲಿನ್ ಸರಿಯಾದ ಹೊತ್ತಿಗೆ ಶುರುವಾದರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ.

ಉಪ್ಪಳದಿಂದ

ಹೊರಟೆವು ಡಾಕ್ಟ್ರೇ. ಕಿವಿಯಲ್ಲಿ ಉಣುಗು ಇದೆ.

ಹಟ್ಟಿಮನೆ, ಪೆರ್ಲ

ಡಾಕ್ಟ್ರು ಹೇಳಿದ್ದು ಅರ್ಥ ಆಯಿತು, ಅಳತೆಯಲ್ಲಿ ನಡೆಸುತ್ತೇನೆ. ಒಂದು ಸಂಶಯ. ಜೂನ್‌ನಿಂದ ಇಲ್ಲಿ ಮಳೆ ಬಿಡುವುದಿಲ್ಲ, ಅಂಗಳ ತುಂಬಾ ಪಾಚಿ. ಆಟಿ ತಿಂಗಳಲ್ಲಿ ಯಾವ ನಾಯಿಯನ್ನು ಎಲ್ಲಿ ನಡೆಸುವುದು?

ಪಯಸ್ವಿನಿ, ಮುಳ್ಳೇರಿಯ

ನಮಗೂ ಅದೇ ಕಷ್ಟದ ಕಾಲ ಅಣ್ಣ. ನಾವು ಅಂಗಳಕ್ಕೆ ಸೋಗೆ ಹಾಸುತ್ತೇವೆ, ನಮಗೆ ನಡೆಯಲು ಹಾಸುತ್ತೇವಲ್ಲ, ಹಾಗೆಯೇ ಗೇಟಿನವರೆಗೆ. ಬಿದ್ದ ಅಡಿಕೆ ಹಾಳೆ ಮಾತ್ರ ದಾರಿಯಲ್ಲಿ ಇರಬಾರದು, ಒದ್ದೆ ಹಾಳೆಯ ಮೇಲೆ ಕಾಲಿಟ್ಟರೆ ಮುಗಿಯಿತು.

ಹೊರಗೆ ಹೋಗಲಾಗದ ದಿನ ಜಗಲಿಯಲ್ಲೇ. ಕೂತುಕೊಳ್ಳಲು ಹೇಳುವುದು, ಏಳಲು ಹೇಳುವುದು, ಐದಾರು ಸಲ, ಜಾರದ ಮ್ಯಾಟ್ ಮೇಲೆ, ಪ್ರತಿ ಸಲಕ್ಕೂ ಒಂದು ಸೌತೆ ಹೋಳು. ಹಿಂಗಾಲಿನ ಮಾಂಸಕ್ಕೆ ಇದು ಒಳ್ಳೆಯ ಕೆಲಸ ಕೊಡುತ್ತದೆ. ನಿಂತಿರುವಾಗ ಹೋಳನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲ ಸೊಂಟದ ಕಡೆಗೆ ತನ್ನಿ, ಕುತ್ತಿಗೆ ಬೆನ್ನು ತಿರುಗಿಸುತ್ತಾಳೆ, ಎರಡೂ ಬದಿಗೆ. ನಾಲ್ಕು ತೆಂಗಿನ ಮಡಲಿನ ದಂಟನ್ನು ಒಂದು ಮೊಳ ಅಂತರಕ್ಕೆ ನೆಲದಲ್ಲಿಟ್ಟು ದಾಟಿಸಿ. ಅದನ್ನು ದಾಟಲು ಕಾಲು ಎತ್ತಿ ಇಡಲೇಬೇಕು, ಎಳೆದು ನಡೆಯಲು ಆಗುವುದಿಲ್ಲ. ಅವಳು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸುತ್ತೇನೆ, ಒತ್ತಾಯ ಇಲ್ಲ.

ಮಲಗುವ ಜಾಗ ಒಣಗಿರಬೇಕು. ಸಿಮೆಂಟ್ ನೆಲದ ತಂಡಿ ನೇರ ಮೈಗೆ ತಾಗಬಾರದು. ಮಣೆಯ ಮೇಲೆ ದಪ್ಪ ಫೋಮ್ ಹಾಸಿಗೆ, ಅದರ ಮೇಲೆ ಗೋಣಿ. ದಿನಾ ಒಗೆಯಲು ಎರಡು ಜೋಡಿ ಇಟ್ಟುಕೊಳ್ಳಿ. ಹಾಸಿಗೆ ತೆಳ್ಳಗಿದ್ದರೆ ಮೊಣಕೈಯಲ್ಲಿ ಚರ್ಮ ದಪ್ಪವಾಗಿ ಕೊನೆಗೆ ಹುಣ್ಣಾಗುತ್ತದೆ.

ಬೈಲುಮನೆ, ನೀರ್ಚಾಲು

ನೀರಲ್ಲಿ ಈಜಿಸಿದರೆ ಒಳ್ಳೆಯದು ಅಂತ ಎಲ್ಲೋ ಓದಿದೆ. ನಮ್ಮ ತೋಟದಲ್ಲಿ ಕೆರೆ ಇದೆ.

ನಿವೃತ್ತ ಪಶುವೈದ್ಯ, ಕುಂಬಳೆ

ನೀರು ಒಳ್ಳೆಯದು, ಕೆರೆ ಬೇಡ. ಹತ್ತಲು ದಾರಿ ಇಲ್ಲದ ಕಡಿದಾದ ಕೆರೆಯಲ್ಲಿ ಹಳೆ ನಾಯಿ ಸುಸ್ತಾದರೆ ಕಷ್ಟ. ತೋಡು ಸಾಕು. ಮಳೆ ಮುಗಿದು, ನೀರು ತಿಳಿಯಾಗಿ, ತೋಡಿಗೆ ಅಡ್ಡ ಕಟ್ಟ ಹಾಕಿ ನೀರು ನಿಲ್ಲಿಸುವ ಕಾಲ ಬರುತ್ತದಲ್ಲ, ಏತಡ್ಕ ಕಡೆ ಈಗಲೂ ಸಾಲಾಗಿ ಕಟ್ಟುತ್ತಾರೆ. ಹಾಗೆ ನಿಂತ ನೀರಿನ ಅಂಚಿನಲ್ಲಿ, ಇಳಿಯಲು ಹತ್ತಲು ಮರಳು ಇರುವ ಕಡೆ, ನೀವೂ ಜೊತೆಗೆ ಇಳಿದು ನಡೆಸಿ. ಈಜಿಸಲೇಬೇಕು ಅಂತ ಇಲ್ಲ. ನೀರು ಸೊಂಟದ ಮಟ್ಟಕ್ಕೆ ಬಂದರೆ ಕಾಲಿನ ಮೇಲೆ ಬೀಳುವುದು ಮೈಭಾರದ ಸುಮಾರು 38 ಶೇಕಡಾ ಮಾತ್ರ. ಮೊಣಕಾಲವರೆಗೆ ಮಾತ್ರ ಆದರೆ 85 ಶೇಕಡಾ, ಅಂದರೆ ದೊಡ್ಡ ಲಾಭ ಇಲ್ಲ. ಐದು ನಿಮಿಷದಿಂದ ಶುರು ಮಾಡಿ. ಮೇಲೆ ಬಂದ ಕೂಡಲೇ ಒರೆಸಿ ಬಿಸಿಲಿಗೆ ಬಿಡಿ. ಇಲಿಜ್ವರದ ಲಸಿಕೆ ವರ್ಷವೂ ಹಾಕಿಸಿರಬೇಕು, ಮಳೆಗಾಲದ ಕೆಸರು ನೀರಿಗಂತೂ ಇಳಿಸಲೇಬೇಡಿ.

ಅಡಿಕೆತೋಟ, ಬದಿಯಡ್ಕ

ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಋಣಿ. ಮ್ಯಾಟ್ ನಾಳೆ ತರುತ್ತೇನೆ. ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, ಇಷ್ಟು ಮಾಡಿದ ಮೇಲೂ ಒಂದು ದಿನ ಆಗುವುದಿಲ್ಲ ಅಂತ ಬಂದರೆ ನಮಗೆ ಹೇಗೆ ಗೊತ್ತಾಗುವುದು ಅಂತ. ನನಗೂ ಅದೇ ಹೆದರಿಕೆ.

ಪಯಸ್ವಿನಿ, ಮುಳ್ಳೇರಿಯ

ನಾನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅವಳು ತಾನಾಗಿ ಎದ್ದು, ಊಟ ಮಾಡಿ, ಬಾಗಿಲಿಗೆ ಬಂದ ದಿನ ಒಂದು ಗೆರೆ. ಇಲ್ಲದ ದಿನ ಸೊನ್ನೆ. ದಿನಾ ನೋಡುವ ನಮಗೆ ಮೆಲ್ಲ ಮೆಲ್ಲ ಇಳಿಯುವುದು ಕಾಣುವುದಿಲ್ಲ, ಕಾಗದದಲ್ಲಿ ಕಾಣುತ್ತದೆ. ಸೊನ್ನೆ ಜಾಸ್ತಿ ಆದರೆ ಮೊದಲು ಡಾಕ್ಟರಲ್ಲಿ ಮದ್ದು ಬದಲಿಸಲು ಕೇಳುವುದು, ಅದೇ ಕೊನೆ ಅಂತ ಅಂದುಕೊಳ್ಳುವುದಲ್ಲ.

ನಿವೃತ್ತ ಪಶುವೈದ್ಯ, ಕುಂಬಳೆ

ಅದು ಸರಿಯಾದ ಕ್ರಮ. ಒಂದು ಮಾತ್ರೆ ಸಾಲದಿದ್ದರೆ ಗ್ಯಾಬಪೆಂಟಿನ್ ಥರದ ಬೇರೆ ಜಾತಿಯ ಮದ್ದು ಜೊತೆಗೆ ಸೇರಿಸಬಹುದು. ಆದರೆ ಮನುಷ್ಯರ ಸಿರಪ್ ಮೆಡಿಕಲ್ಲಿನಿಂದ ನೀವಾಗಿ ತರಬೇಡಿ, ಕೆಲವದರಲ್ಲಿ ಸಿಹಿಗೆ ಕ್ಸೈಲಿಟಾಲ್ ಇರುತ್ತದೆ, ನಾಯಿಗೆ ಅದು ವಿಷ. ಎಲ್ಲ ಮಾಡಿಯೂ ಅವನು ತಿನ್ನುವುದಿಲ್ಲ, ಏಳುವುದಿಲ್ಲ, ಮಲಗಿದಲ್ಲೇ ಒದ್ದೆಯಾಗುತ್ತಾನೆ, ನೀವು ಬಂದರೂ ತಲೆ ಎತ್ತುವುದಿಲ್ಲ ಅಂತ ಆದರೆ ಡಾಕ್ಟರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಿ. ನೋವಿಲ್ಲದೆ ಕಳಿಸಿಕೊಡುವುದೂ ಸಾಕಿದವರ ಕೆಲಸವೇ. ರಾಜು ಅಲ್ಲಿಂದ ಬಹಳ ದೂರ ಇದ್ದಾನೆ. ತೋಟಕ್ಕೆ ಹೊರಟರೆ ಏಳಲು ನೋಡುತ್ತಾನೆ ಅಂತ ನೀವೇ ಬರೆದಿದ್ದೀರಿ.

ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಬೆಳಿಗ್ಗೆ ಅವನು ಏಳುವುದನ್ನು, ಅಂಗಳದಲ್ಲಿ ನಡೆಯುವುದನ್ನು ಹಿಂದಿನಿಂದಲೂ ಬದಿಯಿಂದಲೂ ಫೋನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಆಸ್ಪತ್ರೆಗೆ ಬಂದ ಗಾಬರಿಗೆ ನಾಯಿ ಕುಂಟುವುದನ್ನೇ ಬಿಡುತ್ತದೆ, ನಮಗೆ ಅಲ್ಲಿ ಏನೂ ಕಾಣುವುದಿಲ್ಲ.

ಉಪ್ಪಳದಿಂದ

ಪರೀಕ್ಷೆ ಆಯಿತು, ಪ್ಲೇಟ್‌ಲೆಟ್ ಇಳಿದಿದೆ, ಉಣುಗಿನ ಜ್ವರವೇ ಅಂದರು. ಮದ್ದು ಶುರು ಮಾಡಿದ್ದಾರೆ. ಉಣುಗಿಗೆ ಮನೆ ಸುತ್ತ ಏನು ಮಾಡುವುದು ಅಂತ ಬೇರೆಯೇ ಕೇಳುತ್ತೇನೆ, ಇಲ್ಲಿ ಬೆರೆಸುವುದಿಲ್ಲ.